ರೀ, ಒಂದು ನಿಮಿಷ ನಗಬೇಡಿ

ಯುರೋಪಿನಿಂದ ವಾಪಸ್ ಬಂದು ನಾಲ್ಕು ದಿನವಾಯಿತು. ಸಿಕ್ಕವರೆಲ್ಲ ಕೇಳುವುದು ಒಂದೇ. "ಐಫೆಲ್ ಟವರ್ ಹೇಗಿತ್ತು?" ಚೆನ್ನಾಗಿತ್ತು. ಎತ್ತರಕ್ಕಿತ್ತು. ಆದರೆ ನನ್ನ ತಲೆಯಲ್ಲಿ ಇನ್ನೂ ಕೂತಿರುವುದು ಟವರ್ ಅಲ್ಲ. 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರದ ಒಂದು ಫೋಟೋ. ಅದೂ ನನ್ನದಲ್ಲ, ನಮ್ಮನೆಯವರದು.

ನಮ್ಮನೆಯವರಿಗೆ ಕ್ಯಾಮೆರಾ ಕಂಡರೆ ನಗುವ ಅಭ್ಯಾಸ. ಅಭ್ಯಾಸ ಅಂದರೆ ಕಡಿಮೆಯಾಯಿತು, ಅದೊಂದು ಕಾಯಿಲೆ. ಲಿಫ್ಟಿನ ಸಿಸಿಟಿವಿಗೂ ನಗುತ್ತಾರೆ. ಒಮ್ಮೆ ಎಕ್ಸ್‌ರೇ ತೆಗೆಸಲು ನಿಂತಾಗಲೂ ಹಲ್ಲು ಬಿಟ್ಟಿದ್ದರು. "ಎದೆಯ ಎಕ್ಸ್‌ರೇ ರೀ, ಹಲ್ಲಿಂದಲ್ಲ" ಅಂದೆ. ಅದಕ್ಕೂ ನಕ್ಕರು. ಮದುವೆಗೆ ನಾನು ಒಪ್ಪಿದ್ದೇ ಈ ನಗು ನೋಡಿ. ಹಾಗಾಗಿ ಜಾಸ್ತಿ ದೂರುವ ಹಾಗೂ ಇಲ್ಲ.

ನಾವು ಹೊರಟಿದ್ದು ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿಗೆ, ಒಂಬತ್ತು ದಿನ. ಷೆಂಗೆನ್ ವೀಸಾ ಬೇಕು. ಒಂದು ವೀಸಾ, 29 ದೇಶ. ಕೇಳಲು ಎಷ್ಟು ಸರಳ ಅಲ್ವಾ? ಆದರೆ ಅರ್ಜಿ ಯಾವ ದೇಶಕ್ಕೆ ಹಾಕಬೇಕು? ಜಾಸ್ತಿ ದಿನ ಉಳಿಯುವ ದೇಶಕ್ಕೆ. ನಮ್ಮನೆಯವರು ಬಹಳ ನ್ಯಾಯವಂತರು. ಎರಡೂ ದೇಶಕ್ಕೆ ಬೇಜಾರಾಗದಿರಲಿ ಅಂತ ನಾಲ್ಕು ನಾಲ್ಕು ರಾತ್ರಿ ಹಂಚಿಟ್ಟಿದ್ದರು. ಹಾಗೆ ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ ಅರ್ಜಿ ಹಾಕಬೇಕಂತೆ. ಇದನ್ನು ಓದಿ, ಅರ್ಥ ಮಾಡಿಕೊಂಡು, ಜಗಳವಾಡಿ, ಕೊನೆಗೆ ಒಂದು ರಾತ್ರಿಯನ್ನು ಸ್ವಿಟ್ಜರ್ಲೆಂಡಿನಿಂದ ಕಿತ್ತು ಫ್ರಾನ್ಸಿಗೆ ಕೊಟ್ಟೆವು. ಯುದ್ಧ ಮಾಡದೆ ದೇಶದಿಂದ ದೇಶಕ್ಕೆ ಏನಾದರೂ ಹೋಗಿದ್ದರೆ ಅದು ಆ ರಾತ್ರಿ ಮಾತ್ರ.

ಆಮೇಲೆ ಕಾಗದಗಳ ಸರದಿ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು. ನಾವು ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಅದಕ್ಕೆ ಜೀವ ಇರಬೇಕು. ಎರಡು ಪುಟ ಖಾಲಿ ಇರಬೇಕು. ಇವರ ಪಾಸ್‌ಪೋರ್ಟಿಗೆ ಎರಡೇ ತಿಂಗಳು ಉಳಿಯುತ್ತಿತ್ತು, ಹಾಗಾಗಿ ಮೊದಲು ಅದನ್ನು ಹೊಸದು ಮಾಡಿಸಬೇಕಾಯಿತು. ಕನಿಷ್ಠ 30,000 ಯೂರೋ ಮೊತ್ತದ ವಿಮೆ ಬೇಕು. ಆಸ್ಪತ್ರೆ ಖರ್ಚು ಬರುತ್ತೆ, ವಾಪಸ್ ಕಳಿಸುವ ಖರ್ಚು ಬರುತ್ತೆ. "ಅಲ್ಲೇ ತೀರಿಕೊಂಡರೂ ಯೋಚನೆ ಇಲ್ಲ ಮೇಡಂ" ಅಂತ ವಿಮೆ ಮಾಡಿಸಿದ ಹುಡುಗ ಧೈರ್ಯ ತುಂಬಿದ. ಹೋಟೆಲ್ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್, ರಜೆ ಪತ್ರ, ಯಾವ ದಿನ ಎಲ್ಲಿರುತ್ತೇವೆ ಅನ್ನುವ ಪಟ್ಟಿ. ನಾಳೆ ಬೆಳಗ್ಗೆ ಏನು ತಿಂಡಿ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅಂಥವರು ಎರಡು ತಿಂಗಳ ನಂತರದ ಗುರುವಾರ ಮಧ್ಯಾಹ್ನ ಯಾವ ಬೆಟ್ಟದ ಮೇಲಿರುತ್ತೇವೆ ಅಂತ ಬರೆದುಕೊಟ್ಟೆವು.

ಇದರಲ್ಲಿ ನನಗೆ ಹೊಟ್ಟೆ ಉರಿಸಿದ್ದು ಇನ್ನೊಂದು. ಷೆಂಗೆನ್ ಅನ್ನುವುದು ಲಕ್ಸೆಂಬರ್ಗಿನ ಒಂದು ಪುಟ್ಟ ಹಳ್ಳಿ. 1985ರ ಜೂನ್ 14ರಂದು ಐದು ದೇಶಗಳವರು ಅಲ್ಲಿ ಮೊಸೆಲ್ ನದಿಯ ಮೇಲೆ ಒಂದು ಹಡಗಿನಲ್ಲಿ ಕೂತು, ನಮ್ಮ ನಮ್ಮ ನಡುವೆ ಗಡಿ ತಪಾಸಣೆ ಬೇಡಪ್ಪ ಅಂತ ಸಹಿ ಹಾಕಿದರು. ಅಷ್ಟು ದೊಡ್ಡ ಮನಸ್ಸು. ಅದೇ ಹೆಸರಿನ ವೀಸಾಗೆ ನಾನು ಎರಡು ಕೆಜಿ ಕಾಗದ ಹೊತ್ತುಕೊಂಡು ಹೋದೆ.

ಕೌಂಟರಿನ ಹುಡುಗಿ ಎರಡು ಕೆಜಿಯನ್ನೂ ಒಪ್ಪಿಕೊಂಡಳು. ಇವರ ಫೋಟೋ ಹತ್ತಿರ ಬಂದು ನಿಂತಳು.

"ಸರ್ ನಗ್ತಿದಾರೆ."

"ಅವರ ಮುಖವೇ ಹಾಗಮ್ಮ."

"ನಗಬಾರದು ಮೇಡಂ. ಬಾಯಿ ಮುಚ್ಚಿರಬೇಕು. ಮುಖದಲ್ಲಿ ಏನೂ ಇರಬಾರದು."

ಮುಖದಲ್ಲಿ ಏನೂ ಇರಬಾರದು! ಅಷ್ಟು ವರ್ಷ ಸಂಸಾರ ಮಾಡಿದ ಮೇಲೂ ನಗು ಉಳಿಸಿಕೊಂಡಿರುವ ಮನುಷ್ಯನಿಗೆ ಈ ಮಾತು. ಹೊರಗೆ ಬಂದು ಸ್ಟುಡಿಯೋ ಹುಡುಕಿದೆವು. ಫೋಟೋ ತೆಗೆಯುವ ಹುಡುಗನಿಗೆ ಇಪ್ಪತ್ತು ವರ್ಷ ಇದ್ದಿರಬಹುದು. "ಅಂಕಲ್, ಸೀರಿಯಸ್ಸಾಗಿ" ಅಂದ. ಇವರು ಸೀರಿಯಸ್ಸಾದರು. ಅವನು ಕ್ಯಾಮೆರಾ ಎತ್ತಿದ. ತುಟಿಯ ಎರಡೂ ತುದಿ ತಾವಾಗಿಯೇ ಮೇಲೆದ್ದವು.

ಎರಡನೇ ಸಲ ಬಲವಂತವಾಗಿ ತುಟಿ ಬಿಗಿ ಹಿಡಿದರು. ಫೋಟೋ ನೋಡಿದರೆ ಹರಳೆಣ್ಣೆ ಕುಡಿದ ಮುಖ. ಹುಬ್ಬು ಗಂಟಿಕ್ಕಿದೆ, ಇದೂ ನಡೆಯುವುದಿಲ್ಲ. ಮೂರನೇ ಸಲ ಸುಮಾರಾಗಿ ಬಂತು, ಆದರೆ ಕನ್ನಡಕದಲ್ಲಿ ಟ್ಯೂಬ್‌ಲೈಟ್ ಹೊಳೆಯಿತು. ಸಾಲದ್ದಕ್ಕೆ ಬಿಳಿ ಪರದೆಯ ಮುಂದೆ ಬಿಳಿ ಷರ್ಟು. ದೇಹವೇ ಇಲ್ಲ, ತಲೆ ಒಂದು ಗಾಳಿಯಲ್ಲಿ ತೇಲುತ್ತಿದೆ. ಹುಡುಗ ಒಳಗಿನಿಂದ ತನ್ನದೇ ಒಂದು ನೀಲಿ ಕೋಟು ತಂದು ತೊಡಿಸಿದ. ಅದರ ತೋಳು ಮೊಳಕೈಗೇ ಮುಗಿಯಿತು. ಇವರಿಗೆ ಅದೂ ನಗು ತರಿಸಿತು. ನಾಲ್ಕನೇ ಸಲಕ್ಕೆ ಇಂಗು ತಿಂದ ಮಂಗ. ಐದನೇ ಸಲ ನಗಲಿಲ್ಲ, ಕಣ್ಣೇ ಮುಚ್ಚಿಬಿಟ್ಟರು.

ನಾನು ನನ್ನ ಕೈಲಾದದ್ದು ಮಾಡಿದೆ. "ರೀ, ಆಫೀಸ್ ನೆನಪು ಮಾಡ್ಕೊಳ್ಳಿ" ಅಂದೆ. ನಕ್ಕರು. "ಮನೆ ಸಾಲ" ಅಂದೆ. ಇನ್ನೂ ಜೋರಾಗಿ ನಕ್ಕರು. "ನಮ್ಮಣ್ಣ ಒಂದು ತಿಂಗಳು ನಮ್ಮನೇಲಿ ಇರೋಕೆ ಬರ್ತಾನಂತೆ" ಅಂದೆ. "ಸುಮ್ನೆ ಹೇಳ್ತೀಯ" ಅಂತ ಹೊಟ್ಟೆ ಹಿಡಿದುಕೊಂಡರು. ಹೊರಗೆ ಕಾಯುತ್ತಿದ್ದವರು ಬಾಗಿಲಲ್ಲಿ ಇಣುಕಿ ತಾವೂ ನಗತೊಡಗಿದರು. ನನಗೆ ಅಳು ಬರುವುದೊಂದು ಬಾಕಿ. ಕೌಂಟರ್ ಮುಚ್ಚಲು ಇನ್ನು ನಲವತ್ತು ನಿಮಿಷ.

ಸಿಟ್ಟಿನಲ್ಲಿ ಫೈಲಿಗೆ ಕೈ ಹಾಕಿದೆ. ಹಳೇ ವೀಸಾಗಳಿವೆ ಅಂತ ಇವರ ಹಳೇ ಪಾಸ್‌ಪೋರ್ಟನ್ನೂ ತಂದಿದ್ದೆ. ಅದನ್ನು ತೆರೆದು ಮುಖದ ಮುಂದೆ ಹಿಡಿದೆ. "ನೋಡಿ, ಹತ್ತು ವರ್ಷದ ಹಿಂದೆ ಹೇಗೆ ಸರಿಯಾಗಿ ಕೂತಿದ್ರಿ!"

ನೋಡಿದರು. ತಲೆ ತುಂಬ ಕೂದಲು. ದಪ್ಪ ಮೀಸೆ. ಚೌಕಳಿ ಷರ್ಟು.

"ಈ ಷರ್ಟು ಅಪ್ಪ ಕೊಡಿಸಿದ್ದು" ಅಂದರು. "ಎಲ್ಲಿ ಹೋಯ್ತೇ ಇದು?"

ನನಗೆ ಗೊತ್ತಿತ್ತು. ಬಣ್ಣ ಹೋಗಿತ್ತು ಅಂತ ನಾನೇ ಯಾವಾಗಲೋ ನೆಲ ಒರೆಸಲು ಹಾಕಿದ್ದೆ. ಆಗ ಮಾವನವರು ಇನ್ನೂ ಇದ್ದರು. ನಾನು ಮಾತಾಡಲಿಲ್ಲ. ಇವರು ಫೋಟೋದಿಂದ ಕಣ್ಣೆತ್ತಿ ಎದುರಿಗೆ ನೋಡಿದರು. ಹುಡುಗ ಜಾಣ, ಒತ್ತಿಬಿಟ್ಟ.

ಆ ಫೋಟೋ ಒಂದೇ ಸಲಕ್ಕೆ ಪಾಸಾಯಿತು. ಕೌಂಟರಿನ ಹುಡುಗಿ "ಪರ್ಫೆಕ್ಟ್" ಅಂದಳು. ನನಗೆ ಮಾತ್ರ ಆ ಮುಖ ನೋಡಲಾಗಲಿಲ್ಲ. ಹೊರಗೆ ಬಂದು ಕಾಫಿ ಕುಡಿಯುವಾಗ ಇವರು ಲೋಟಕ್ಕೆ ನಕ್ಕರು. ಆಮೇಲೆ ಉಸಿರು ಬಂತು.

ವೀಸಾ ಬಂತು. ಕ್ಯಾಬಿನ್ ಬ್ಯಾಗಿಗೆ ಪವರ್ ಬ್ಯಾಂಕ್ ಹೋಯಿತು, 100 ಮಿಲಿಲೀಟರ್ ದಾಟಿದ ಎಣ್ಣೆ ಬಾಟಲಿ ದೊಡ್ಡ ಸೂಟ್‌ಕೇಸಿಗೆ ಹೋಯಿತು, ನಾವು ವಿಮಾನ ಹತ್ತಿದೆವು. ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಅಲ್ಲಿ ಇಳಿದ ಮೇಲೆ ಗೊತ್ತಾಯಿತು. 2025ರ ಅಕ್ಟೋಬರಿನಿಂದ ಅವರು ಹೊಸ ವ್ಯವಸ್ಥೆ ತರುತ್ತಿದ್ದಾರೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತಾರೆ. ಖಾಲಿ ಪುಟ ಖಾಲಿ ಪುಟ ಅಂತ ಪ್ರಾಣ ತಿಂದವರು ಈಗ ಮುದ್ರೆಯನ್ನೇ ಕೈಬಿಡುತ್ತಿದ್ದಾರೆ! ಬೆರಳಚ್ಚು ವೀಸಾ ಮಾಡಿಸುವಾಗಲೇ ಕೊಟ್ಟಾಗಿತ್ತು. ಇಲ್ಲಿ ಬೇಕಾಗಿದ್ದು ಒಂದೇ.

ಫೋಟೋ.

ಗಾಜಿನಾಚೆ ಕೂತ ಅಧಿಕಾರಿ ಕ್ಯಾಮೆರಾ ತೋರಿಸಿದ. ನಮ್ಮನೆಯವರು ಕ್ಯಾಮೆರಾ ನೋಡಿದರು. ಕ್ಯಾಮೆರಾ ನಮ್ಮನೆಯವರ ಹಲ್ಲು ನೋಡಿತು. ಅಧಿಕಾರಿ ಬೇಡ ಅನ್ನುವ ಹಾಗೆ ಬೆರಳು ಆಡಿಸಿದ. ಮತ್ತೆ ನಗು. ಹಿಂದೆ ಇಡೀ ವಿಮಾನದ ಜನ ಸಾಲು ನಿಂತಿದ್ದಾರೆ. ಯಾರೋ ನಿಟ್ಟುಸಿರು ಬಿಟ್ಟರು.

ನನ್ನ ಕೈ ಬ್ಯಾಗಿನೊಳಗೆ ಹೋಯಿತು. ಹಳೇ ಪಾಸ್‌ಪೋರ್ಟ್ ಬೆರಳಿಗೆ ಸಿಕ್ಕಿತು ಕೂಡ. ಯಾಕೋ ಹೊರಗೆ ತೆಗೆಯಲು ಮನಸ್ಸಾಗಲಿಲ್ಲ. ಹತ್ತಿರ ಬಗ್ಗಿ ಕೇಳಿದೆ.

"ರೀ, ಬರೋವಾಗ ಗ್ಯಾಸ್ ಆಫ್ ಮಾಡಿದ್ರಾ?"

ಮುಖದಿಂದ ನಗು ಒರೆಸಿ ಹಾಕಿದ ಹಾಗೆ ಹೋಯಿತು. ಅಧಿಕಾರಿ ಒತ್ತಿದ. ಮುಗಿಯಿತು, ಮುಂದೆ ಹೋಗಿ ಅಂದ.

ಗ್ಯಾಸ್ ನಾನೇ ಆಫ್ ಮಾಡಿದ್ದೆ. ಆಚೆ ಹೋದ ಕೂಡಲೇ ಹೇಳಿದೆ, ಟ್ಯಾಕ್ಸಿಯಲ್ಲಿ ಹೇಳಿದೆ, ಹೋಟೆಲಿನಲ್ಲಿ ಆಣೆ ಮಾಡಿ ಹೇಳಿದೆ. ನಂಬಲಿಲ್ಲ. "ನನ್ನನ್ನ ಸಮಾಧಾನ ಮಾಡೋಕೆ ಹೇಳ್ತಿದೀಯ" ಅಂದರು.

ಐಫೆಲ್ ಟವರ್ ಎದುರು ನಾವಿಬ್ಬರೂ ನಿಂತ ಫೋಟೋ ಒಂದಿದೆ. ಹಿಂದೆ ಟವರ್ ದೀಪ ಹಚ್ಚಿಕೊಂಡು ಮಿನುಗುತ್ತಿದೆ. ನಾನು ಹಲ್ಲು ಬಿಟ್ಟು ನಗುತ್ತಿದ್ದೇನೆ. ಪಕ್ಕದಲ್ಲಿ ಇವರು ನಿಂತಿದ್ದಾರೆ, ಬಾಯಿ ಮುಚ್ಚಿ, ನೆಟ್ಟಗೆ, ಮುಖದಲ್ಲಿ ಏನೂ ಇಲ್ಲದೆ. ಬೇಕಾದರೆ ಕತ್ತರಿಸಿ ಮುಂದಿನ ವೀಸಾಗೆ ಅಂಟಿಸಬಹುದು.