ಹತ್ತು ನಿಮಿಷದ ಆಲಿಕಲ್ಲು

ನಿನ್ನೆ ಸಂಜೆ ಹತ್ತೇ ನಿಮಿಷ ಆಲಿಕಲ್ಲು ಮಳೆ. ಮೂರು ತಿಂಗಳಿಂದ ಸಾಕಿದ ತಾರಸಿ ತೋಟ ನೆಲ ಕಚ್ಚಿತು. ಟೊಮೆಟೊ ಗಿಡ ಮುರಿದು, ಗೋಲಿ ಗಾತ್ರದ ಹಸಿರು ಕಾಯಿಗಳು ಆಲಿಕಲ್ಲಿನ ಜೊತೆಗೇ ನೀರು ಹೋಗುವ ಪೈಪಿನ ಬಾಯಲ್ಲಿ ಸಿಕ್ಕಿಕೊಂಡಿದ್ದವು. ಎತ್ತಿಕೊಂಡರೆ ಕೈಯೆಲ್ಲಾ ಟೊಮೆಟೊ ಎಲೆಯ ವಾಸನೆ. ಅಳುವೇ ಬಂತು.

ಪ್ರತಿ ವರ್ಷ ಇದೇ ಗೋಳು. ಯುಗಾದಿ ಕಳೆದರೆ ಸಾಕು, ಬೆಂಗಳೂರಿನ ಬಿಸಿಲಿಗೆ ಹೂವು ಕಾಯಿ ಕಟ್ಟದೆ ಉದುರುತ್ತದೆ. 2024ರ ಏಪ್ರಿಲ್‌ನಲ್ಲಂತೂ 38.5 ಡಿಗ್ರಿ! ಕೊತ್ತಂಬರಿ ಗೇಣುದ್ದ ಬೆಳೆಯುವ ಮೊದಲೇ ಹೂ ಬಿಡುತ್ತದೆ. ಮೆಣಸಿನ ಗಿಡಕ್ಕೆ ನುಸಿ, ಎಲೆಯೆಲ್ಲಾ ಮುದುರು. ಟ್ಯಾಂಕರ್ ನೀರು ತರಿಸುವ ಮನೆಯಲ್ಲಿ ಗಿಡಕ್ಕೆ ಎಷ್ಟು ಅಂತ ಸುರಿಯುವುದು? ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ಮೂರು ಮಹಡಿ ಹೊತ್ತು ತಂದವಳು ನಾನು. ಮಳೆ ಬಾ ಅಂತ ದಿನಾ ಬೇಡಿಕೊಂಡಿದ್ದಕ್ಕೆ ಹೀಗೆ ಬರಬೇಕಾ?