ಶೇ 10ರ ಒಳಗಿದ್ದರೆ ಸ್ವಂತದ್ದಾಗಿಬಿಡುತ್ತಾ?

ಸಂಶೋಧನಾ ಲೇಖನದಲ್ಲಿ ಕೃತಿಚೌರ್ಯ ಪತ್ತೆ ಮಾಡುವ ಸಾಫ್ಟ್‌ವೇರ್‌ನ ವರದಿಯಲ್ಲಿ ಬೇರೆ ಬರಹಗಳ ಜೊತೆಗಿನ ಹೋಲಿಕೆ ಶೇ 10ಕ್ಕಿಂತ ಕಡಿಮೆ ಬಂದರೆ ಸಂಪಾದಕರು ಧೈರ್ಯವಾಗಿ ಪ್ರಕಟಿಸಬಹುದು ಅಂತ ಬರೆದಿದ್ದೀರಿ. ಇದನ್ನು ಒಪ್ಪೋದು ಕಷ್ಟ ಸರ್. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಶೇ 10ರವರೆಗೆ ದಂಡ ಇಲ್ಲ, ನಿಜ. ಆದರೆ 6,000 ಪದಗಳ ಲೇಖನದಲ್ಲಿ ಶೇ 10 ಅಂದರೆ 600 ಪದ. ಕೊನೆಯ ತೀರ್ಮಾನದ ಭಾಗವನ್ನು ಇಡಿಯಾಗಿ ಎತ್ತಿಕೊಂಡರೂ ಅಷ್ಟರೊಳಗೆ ಮುಗಿದುಹೋಗುತ್ತೆ!

ಕನ್ನಡದ ಸಂಶೋಧನಾ ಪತ್ರಿಕೆಗಳ ಕಥೆಯಂತೂ ಕೇಳಲೇಬೇಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಿಡಿಎಫ್‌ನಿಂದ ನಾಲ್ಕು ಸಾಲು ಕಾಪಿ ಮಾಡಿ ನೋಡಿ, ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಪಾಪ, ಸಾಫ್ಟ್‌ವೇರ್ ಅದರಲ್ಲಿ ಏನಂತ ಹುಡುಕಬೇಕು? ಇಂಗ್ಲಿಷ್ ಲೇಖನವನ್ನು ಅನುವಾದಿಸಿ ಸ್ವಂತದ್ದು ಅಂತ ಕೊಟ್ಟರೂ ಬಹಳಷ್ಟು ಸಲ ಸಿಕ್ಕಿಬೀಳಲ್ಲ. ಅದನ್ನು ಹಿಡಿಯೋದು ಆ ವಿಷಯ ಓದಿಕೊಂಡಿರುವ ಪರಿಶೀಲಕರು ಮಾತ್ರ. ಅವರಿಗೆ ಗೌರವಧನ ಹೋಗಲಿ, ಸರಿಯಾಗಿ ಓದೋಕೆ ಸಮಯವನ್ನಾದರೂ ಕೊಡ್ತೀವಾ?

ಇನ್ನು ಸಿಕ್ಕಿಬಿದ್ದ ಮೇಲಿನ ವಿಚಾರ. ಮೊದಲು ಲೇಖಕರಿಂದ ವಿವರಣೆ ಕೇಳಿ, ಉತ್ತರ ಸಮಾಧಾನ ತರದಿದ್ದರೆ ಅವರ ಸಂಸ್ಥೆಗೆ ತಿಳಿಸಿ ಅನ್ನುತ್ತೆ ಪ್ರಕಟಣೆಯ ನೀತಿ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಮಿತಿ ಕೋಪ್. ಪ್ರಕಟಿಸಿ ಆಮೇಲೆ ಹಿಂಪಡೆದ ಲೇಖನದ ಪುಟವನ್ನೂ ಅಳಿಸಬಾರದು, ಕಾರಣ ಬರೆದು ಅಲ್ಲೇ ಇಡಬೇಕು. ನನಗೆ ಗೊತ್ತಿರುವ ಒಂದು ಪತ್ರಿಕೆಯಲ್ಲಿ ಪಿಡಿಎಫ್ ಸುಮ್ನೆ ಮಾಯವಾಯಿತು, ಒಂದು ಸಾಲಿನ ಸೂಚನೆಯೂ ಇಲ್ಲ. ಮೊದಲೇ ಇಳಿಸಿಕೊಂಡವರು ಅದನ್ನೇ ಉಲ್ಲೇಖಿಸುತ್ತಿದ್ದಾರೆ, ಕದ್ದವರ ಹೆಸರಲ್ಲೇ.