ಆಷಾಢದಲ್ಲಿ ಎಲ್ಲಿಯ ಹೊಸ ಜೇನು?

ಹೊರಗೆ ಆಷಾಢದ ಮಳೆ ಬಿಡದೆ ಸುರಿಯುತ್ತಿದೆ. ಫೋನಿನಲ್ಲಿ ಜಾಹೀರಾತು: "ಮಲೆನಾಡಿನ ಕಾಡಿನಿಂದ ಇವತ್ತೇ ತೆಗೆದ ಜೇನುತುಪ್ಪ. ಹತ್ತು ನಿಮಿಷ ಮಾತ್ರ ಆಫರ್." ಪಕ್ಕದಲ್ಲಿ ತಲೆಗೆ ಟವೆಲ್ ಸುತ್ತಿದ ಅಜ್ಜನ ಚಿತ್ರ. ಹಿಂದೆ ಹಸಿರು ಗುಡ್ಡ, ಮಂಜು. ಕೆಳಗೆ ಸಾವಿರಾರು ಲೈಕ್.

ತೀರ್ಥಹಳ್ಳಿ, ಹೊಸನಗರದ ಕಡೆ ಜೇನುಪೆಟ್ಟಿಗೆ ಇಟ್ಟವರು ಯಾರನ್ನಾದರೂ ಕೇಳಿ ನೋಡಿ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ತುಪ್ಪ ತೆಗೆಯುವುದು ಕಾಡು ಹೂ ಬಿಟ್ಟ ಮೇಲೆ, ಬೇಸಿಗೆಯಲ್ಲಿ. ಮಳೆ ಹಿಡಿದರೆ ಹುಳುಗಳಿಗೇ ಮೇವು ಸಾಲುವುದಿಲ್ಲ. ಸಂಸಾರ ಉಳಿಯಲಿ ಎಂದು ಸಾಕಿದವರೇ ಪೆಟ್ಟಿಗೆಯೊಳಗೆ ಸಕ್ಕರೆ ಪಾಕ ಇಡುತ್ತಾರೆ. ಬೇಸಿಗೆಯಲ್ಲಿ ತೆಗೆದಿಟ್ಟ ತುಪ್ಪವನ್ನು ಮಳೆಗಾಲದಲ್ಲಿ ಮಾರಿದರೆ ತಪ್ಪೇನಿಲ್ಲ. ಆದರೆ "ಇವತ್ತೇ ತೆಗೆದದ್ದು" ಅಂದರೆ ಆ ಅಂಗಡಿಯವರಿಗೆ ನಮ್ಮ ಮಳೆಯೂ ಗೊತ್ತಿಲ್ಲ, ಜೇನೂ ಗೊತ್ತಿಲ್ಲ ಅಂತಲೇ ಅರ್ಥ.

ಇಂಥ ಜಾಹೀರಾತುಗಳಲ್ಲಿ, ಶುದ್ಧ ಎನ್ನಲು, ಜೇನಿನ ಹನಿ ನೀರಿನ ತಳದಲ್ಲಿ ಕೂರುವುದನ್ನು ತೋರಿಸುತ್ತಾರೆ. ಗಟ್ಟಿ ಪಾಕವೂ ಹಾಗೇ ಕೂರುತ್ತದೆ. ಲ್ಯಾಬಿನ ಪರೀಕ್ಷೆಯನ್ನೇ ದಾಟುವಂಥ ಸಕ್ಕರೆ ಸಿರಪ್‌ಗಳನ್ನು ಜೇನಿಗೆ ಬೆರೆಸುತ್ತಿದ್ದಾರೆ ಎಂದು ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್ಮೆಂಟ್ ಸಂಸ್ಥೆ 2020ರಲ್ಲೇ ಹೇಳಿತ್ತು. ಹಾಗಿರುವಾಗ ಲೋಟದ ನೀರಿನಿಂದ ಏನು ಗೊತ್ತಾಗುತ್ತದೆ? ಜೇನು ಹರಳುಗಟ್ಟಿದರೆ ಕಲಬೆರಕೆ ಎನ್ನುವುದೂ ತಪ್ಪು. ಒಳ್ಳೆಯ ಜೇನೂ ಹರಳುಗಟ್ಟುತ್ತದೆ.

ನಾನು ನೋಡಿದ ಹಾಗೆ ನಿಜವಾದ ಸಣ್ಣ ಅಂಗಡಿಯ ಮೊದಲ ಗುರುತು, ಅವರು "ಇಲ್ಲ" ಅನ್ನುತ್ತಾರೆ. ಸಾಗರದ ಹತ್ತಿರ ಒಬ್ಬ ಅಕ್ಕ ಮನೆಯಲ್ಲೇ ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನಕಾಯಿಯ, ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಒಂದು ವರ್ಷ ಫೋನ್ ಮಾಡಿದಾಗ, "ಈ ಸಲ ಜೀರಿಗೆ ಮಿಡಿ ಸರಿ ಸಿಗಲೇ ಇಲ್ಲ ತಮ್ಮ. ಉಪ್ಪಿಗೆ ಹಾಕಿದ್ದು ನಮ್ಮನೆಗೇ ಸಾಲಲ್ಲ. ಬರೋ ವರ್ಷ ನೋಡೋಣ" ಅಂದರು. ಜೀರಿಗೆ ವಾಸನೆಯ ಆ ಜಾತಿಯ ಬದಲು ಬೇರೆ ಮಿಡಿ ತಂದು ಅದೇ ಹೆಸರಲ್ಲಿ ಕೊಟ್ಟಿದ್ದರೆ ನನಗೆ ಗೊತ್ತಾಗುತ್ತಿತ್ತಾ? ಖಂಡಿತ ಇಲ್ಲ. ಹೊಳೆಸಾಲಿನ ಮಾವಿನ ಮರಗಳು ಒಂದು ವರ್ಷ ಕಾಯಿ ಬಿಟ್ಟರೆ ಇನ್ನೊಂದು ವರ್ಷ ಕೈಕೊಡುತ್ತವೆ. ಆ ಮರವನ್ನು ನಂಬಿ ವ್ಯಾಪಾರ ಮಾಡುವವರ ಬಳಿ ವರ್ಷಪೂರ್ತಿ, ಬೇಕಾದಷ್ಟು, ಅದೂ ಅರ್ಧ ರೇಟಿಗೆ ಮಾಲು ಇರುವುದಕ್ಕೆ ಸಾಧ್ಯವೇ ಇಲ್ಲ. ಯಾವ ಮರದ ಮಿಡಿ, ಯಾವಾಗ ಉಪ್ಪಿಗೆ ಹಾಕಿದ್ದು ಎಂದು ಕೇಳಿದರೆ ಅವರಿಗೆ ಖುಷಿ. ಮಾತು ನಿಲ್ಲಿಸುವುದೇ ಕಷ್ಟ! ಮೋಸದ ಅಂಗಡಿಗೆ ಇದೇ ಪ್ರಶ್ನೆ ಕಳಿಸಿ. ಪೇಮೆಂಟ್ ಲಿಂಕ್ ವಾಪಸ್ ಬರುತ್ತದೆ.

ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಕೈಮಗ್ಗದ ಬಟ್ಟೆ ಮಾಡುತ್ತಾರೆ. ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನಂಥ ಸಹಜ ಬಣ್ಣ ಹಾಕುತ್ತಾರೆ. ಅಂಥ ಬಣ್ಣ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಸ್ವಲ್ಪ ಬೇರೆ ಬರುತ್ತದೆ. ನೂರಾರು ಸೀರೆ ಅಚ್ಚು ಹಾಕಿದಂತೆ ಒಂದೇ ಬಣ್ಣದಲ್ಲಿದ್ದು, ಅದಕ್ಕೆ "ಸಹಜ ಬಣ್ಣದ ಕೈಮಗ್ಗ" ಎಂದು ಬರೆದಿದ್ದರೆ ಸ್ವಲ್ಪ ನಿಧಾನಿಸಿ.

ಈಗ ಇನ್ನೊಂದು ನಮೂನೆ ಶುರುವಾಗಿದೆ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ತರಿಸುವುದು. "ನಲವತ್ತು ವರ್ಷದ ನಮ್ಮ ಅಂಗಡಿ ಮುಚ್ಚುತ್ತಿದ್ದೇವೆ, ಉಳಿದ ಮಾಲು ಅರ್ಧ ಬೆಲೆಗೆ." ಕಣ್ಣೀರು ತುಂಬಿದ ವಯಸ್ಸಾದ ಗಂಡ ಹೆಂಡತಿ, ಮರದ ಕೆತ್ತನೆಗಳ ನಡುವೆ. ಆ ದಂಪತಿ ಎಲ್ಲೂ ಇಲ್ಲ. ಎಐನಲ್ಲಿ ಮಾಡಿದ ಚಿತ್ರ ಅದು. ಸಾಗರ, ಸೊರಬದ ಮರ ಕೆತ್ತುವ ಗುಡಿಗಾರರು ಒಂದು ಮೂರ್ತಿಗೆ ಎಷ್ಟು ದಿನ ಉಳಿ ಹಿಡಿದು ಕೂರುತ್ತಾರೆ ಎಂದು ನೋಡಿದವರಿಗೆ ಗೊತ್ತು. ಶ್ರೀಗಂಧದ ಬೆಲೆಯಂತೂ ಹೇಳುವುದೇ ಬೇಡ. 499 ರೂಪಾಯಿಗೆ ಗಂಧದ ಗಣಪತಿ ಎಲ್ಲಿಂದ ಬರಬೇಕು? ನಮ್ಮ ಜನ ಪಾಪ ಅಂತ ಕೈಯೆತ್ತಿ ಕೊಡುವ ದುಡ್ಡು ಯಾರದೋ ಜೇಬಿಗೆ ಹೋಗುತ್ತದೆ. ನಾಳೆ ನಿಜವಾದ ಗುಡಿಗಾರರು ಕಷ್ಟ ಅಂದಾಗ ಯಾರೂ ನಂಬುವುದಿಲ್ಲ.

ಕೊಳ್ಳುವ ಮೊದಲು ಸ್ವಲ್ಪ ಹೊತ್ತು ಕೊಡಿ. ಫೇಸ್‌ಬುಕ್ ಪೇಜಿನಲ್ಲಿ 'ಪೇಜ್ ಟ್ರಾನ್ಸ್‌ಪರೆನ್ಸಿ' ಎಂದಿರುತ್ತದೆ. ಪೇಜ್ ಯಾವಾಗ ಶುರುವಾಯ್ತು, ಮೊದಲು ಯಾವ ಹೆಸರಿತ್ತು ಎಂದು ಅಲ್ಲಿ ಸಿಗುತ್ತದೆ. 'ಮಲೆನಾಡು' ಎಂದು ಹೆಸರಿಟ್ಟುಕೊಂಡ ಒಂದು ಪೇಜ್ ಅದಕ್ಕೂ ಮೊದಲು ಮೊಬೈಲ್ ಕವರ್ ಮಾರುತ್ತಿತ್ತು! ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ಅದೇ ಫೋಟೊ ಇನ್ನೆಷ್ಟು ಕಡೆ ಇದೆ ಎಂದು ಕಾಣುತ್ತದೆ. ತಿನ್ನುವ ವಸ್ತುವಾದರೆ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಹುಡುಕಿ. ಆ ನಂಬರ್ ಯಾರ ಹೆಸರಿನಲ್ಲಿದೆ ಎಂದು ಅವರ ವೆಬ್‌ಸೈಟಿನಲ್ಲೇ ನೋಡಬಹುದು. ಜಿಎಸ್‌ಟಿ ನಂಬರ್ 15 ಅಕ್ಷರದ್ದು, ಕರ್ನಾಟಕದ್ದಾದರೆ 29ರಿಂದ ಶುರು. ಆದರೆ ಜಿಎಸ್‌ಟಿ ಇಲ್ಲ ಎಂದ ಮಾತ್ರಕ್ಕೆ ಅನುಮಾನ ಪಡಬೇಡಿ. ರಾಜ್ಯದೊಳಗೇ ವರ್ಷಕ್ಕೆ 40 ಲಕ್ಷಕ್ಕಿಂತ ಕಡಿಮೆ ಮಾಲು ಮಾರುವ ಸಣ್ಣವರಿಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ.

ಕ್ಯಾಶ್ ಆನ್ ಡೆಲಿವರಿ ಇದೆಯಲ್ಲ ಎಂದು ಧೈರ್ಯ ಪಡುವವರೂ ಇದ್ದಾರೆ. ಸಾಮಾನ್ಯವಾಗಿ ದುಡ್ಡು ಕೊಟ್ಟ ಮೇಲೇ ಡಬ್ಬಿ ಬಿಚ್ಚಲು ಬಿಡುವುದು. ಅಷ್ಟು ಹೊತ್ತಿಗೆ ಆಗುವುದು ಆಗಿರುತ್ತದೆ.

ಕಾನೂನು ಸುಮ್ನೆ ಕೂತಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ವ್ಯಾಪಾರ ನಡೆಸುವವರು ತಮ್ಮ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ವಿವರ ಕೊಡಬೇಕು. ದೂರು ಬಂತು ಎಂದು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು. "ಹತ್ತು ನಿಮಿಷ ಮಾತ್ರ" ಎನ್ನುವ ಸುಳ್ಳು ಅವಸರವೂ 2023ರ ನವೆಂಬರಿನಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ ನಿಷಿದ್ಧ. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯಲು ಅವಕಾಶ ಜಾಸ್ತಿ. ವಸ್ತು ಸರಿಯಿಲ್ಲ, ವಾಪಸ್ ತೆಗೆದುಕೊಳ್ಳುತ್ತಿಲ್ಲ ಎಂದಾದರೆ ಗ್ರಾಹಕರ ಸಹಾಯವಾಣಿ 1915.

ನನ್ನ ಬೇಜಾರು ಮಾತ್ರ ಬೇರೆ ಕಡೆ ಇದೆ. ನಿಜವಾದವರ ಫೋಟೊ ಮಸುಕಾಗಿರುತ್ತದೆ. ಮೆಸೇಜಿಗೆ ಉತ್ತರ ತಡವಾಗಿ ಬರುತ್ತದೆ, ಯಾಕೆಂದರೆ ಅವರು ತೋಟದಲ್ಲಿರುತ್ತಾರೆ, ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಪಾರ್ಸೆಲ್ ಕಳಿಸಲು ಪೇಟೆಗೆ ಬಸ್ ಹಿಡಿಯಬೇಕು. ಇಷ್ಟಕ್ಕೇ "ಇವರು ನಂಬಿಕಸ್ಥರಲ್ಲ" ಎಂದು ಬಿಟ್ಟು, ಚೆಂದದ ವಿಡಿಯೊ ಹಾಕಿದವರಿಗೆ ದುಡ್ಡು ಕಳಿಸುತ್ತೇವೆ. ಇದು ಅನ್ಯಾಯ ಅಲ್ವಾ?

ಹಾಗಾಗಿ ಒಂದು ಕೋರಿಕೆ. ನಿಮಗೆ ಗೊತ್ತಿರುವ ನಿಜವಾದ ಮನೆ, ಸಣ್ಣ ಅಂಗಡಿ, ಸಂಘ ಇದ್ದರೆ ಅವರನ್ನು ಕೇಳಿ, ಒಪ್ಪಿದರೆ ಊರು ಮತ್ತು ಫೋನ್ ನಂಬರ್ ಸಮೇತ ನಿಮ್ಮ ಫೇಸ್‌ಬುಕ್ ಗೋಡೆಯ ಮೇಲೆ ಬರೆಯಿರಿ. ನೀವೇ ತೆಗೆದ ಡಬ್ಬಿಯ ಫೋಟೊ ಹಾಕಿ. ಬೆಲೆ ಎಷ್ಟು, ಯಾವ ತಿಂಗಳಲ್ಲಿ ಸಿಗುತ್ತದೆ ಎಂದೂ ಹೇಳಿ. ಈ ವರ್ಷದ್ದು ಮುಗಿದಿದ್ದರೆ, ಮುಗಿದಿದೆ ಎಂದೇ ಬರೆಯಿರಿ.